ಚುಕ್ಕಿ ಆರಿದ ತಕ್ಕಡಿ

ಹೋದ ಬೇಸ್ತವಾರದಿಂದ ನನ್ನ ಕರೆಂಟ್ ತಕ್ಕಡ್ಯಾಗ
ಚುಕ್ಕಿ ಹತ್ತವಲ್ದು.
ಕೆಂಪು ಅಂಕಿ ಎಲ್ಲಾ ಬೆಳಗತಾವು, ನಡುವಿನ ಚುಕ್ಕಿ ಒಂದ ಸತ್ತೈತಿ.
ಸವ್ವಾ ಕಿಲೋ ಬದನೀಕಾಯಿ ಇಟ್ಟರ
ಸಾವಿರದ ಎರಡನೂರಾ ಐವತ್ತು!
ಬೀಚಿಗೆ ಬಂದಿದ್ದ ಹೆಣಮಗಳೊಬ್ಬಾಕಿ ಅದನ್ನ ರೇಟು ಅಂತ ತಿಳದು
ಪರ್ಸ್ ಮುಚ್ಚಿ ಎರಡು ಹೆಜ್ಜಿ ಹಿಂದ ಸರಿದಳು.
ಈಗ ಚುಕ್ಕಿ ನಾನ ಬಾಯಿಲೆ ಹೇಳತೇನಿ:
ಒಂದು, ತುಸು ನಿಂತು, ಎರಡು ಐದು.

ವಾಸ್ಕೋ ಮಾರ್ಕೆಟ್ಟಿನ್ಯಾಗ ಏಳರ ಮ್ಯಾಲ ಗಿರಾಕಿ ಕಡಿಮಿ.
ಕಸ್ತೂರಿ ಉಳ್ಳಾಗಡ್ಡಿ ಚೀಲದ ಮ್ಯಾಲ ಕುಂತು
ಇಂಗ್ಲಿಷಿನ್ಯಾಗ ಗಣಿತ ಓದತಾಳ.
ಲುಡೋವಿನಾ ಟೀಚರ್ ನಾಳೆ ಟೆಸ್ಟ್ ಇಟ್ಟಾಳಂತ.
‘ಅವ್ವಾ, ನಂಬರಿನ್ಯಾಗೂ ಜಾತಿ ಅದಾವು.’
ಅವನ್ನೂ ಬಿಡಲಿಲ್ಲೇನು, ಅಂದೆ ನಾ.

ನಿಂಬಿಹಣ್ಣು ಎಣಿಸಿ ಕೊಡೂದು; ಒಂದು, ಎರಡು, ಮೂರು.
ಅರ್ಧ ನಿಂಬಿಹಣ್ಣು ಇಲ್ಲಿತನಕ ಯಾರೂ ಕೇಳಿಲ್ಲ.
ಸೊನ್ನಿ ನಾ ದಿನಾ ಮುಂಜಾನೆ ಹುಡುಕೂದು:
ಖಾಲಿ ತಟ್ಟಿ ಸೊನ್ನಿ ತೋರಸದಿದ್ರ ಇಡೀ ದಿನದ ವ್ಯಾಪಾರ ಸುಳ್ಳು.
ಸೊನ್ನಿಗಿಂತ ಕೆಳಗಿನವು ಉದ್ರಿ ವಹಿಯೊಳಗ ಅದಾವು.
ಮೀನ ಮಾರೂ ಅಪೊಲಿನ್ ಬಾಯಿ ನನಗ ಇಪ್ಪತ್ತು ಕೊಡಬೇಕು,
ನಾ ಆಕಿಗೆ ಎಷ್ಟು ಕೊಡಬೇಕೋ, ಬರದಿಟ್ಟಿಲ್ಲ:
ಕಸ್ತೂರಿ ಹುಟ್ಟಿದ ರಾತ್ರಿ ರಿಕ್ಷಾ ತಂದಾಕಿ ಆಕಿ.
ನಮ್ಮ ಸಾಲ್ಯಾಗ ಇದಕ್ಕ ಋಣಸಂಖ್ಯೆ ಅಂತಿದ್ರು.
ಮಗಳಿಗೆ ಋಣ ಗೊತ್ತಿಲ್ಲ. ಆಕಿಗೆ ಅದು ಬರೇ ಮೈನಸ್.

ಪಾವು, ಅರ್ಧ, ಪಾವಣೆ, ಸವ್ವಾ, ದೀಡ, ಅಡೀಚ,
ನಾಲಿಗಿಗೆ ಹಲ್ಲು ಗೊತ್ತಿದ್ದಂಗ ನನಗ ಇವು ಗೊತ್ತು.
ಆಕಿ ಒಂದೊಂದಕ್ಕೂ ಚುಕ್ಕಿ ಇಟ್ಟು ಬರಕೊಂಡಳು.
ಹತ್ತು ರೂಪಾಯಿ ಮೂರು ಮಂದಿಗೆ ಹಂಚು ಅಂದೆ.
ಮೂರು ಚುಕ್ಕಿ ಮೂರು ಮೂರು ಮೂರು…
ದಣದು, ಕಡೇ ಮೂರರ ತಲಿಮ್ಯಾಲ ಸಣ್ಣ ಗೆರಿ ಎಳದಳು,
ಇನ್ನ ನೀನ ತಿಳಕೋ ಅಂದಂಗ.

ಮತ್ತೊಂದು ಜಾತಿ ಐತಂತ, ಯಾವ ಭಾಗಕ್ಕೂ ಬಗ್ಗದ್ದು.
ನಮ್ಮ ತಾಡಪತ್ರಿ ಉದ್ದ ಎರಡು ಮೀಟರ್, ಅಗಲ ಎರಡು ಮೀಟರ್.
ಮೂಲಿಯಿಂದ ಎದುರು ಮೂಲಿಗೆ ಹಗ್ಗ ಎಷ್ಟು?
ಎರಡು ಚುಕ್ಕಿ ಎಂಟು ಎರಡು ಎಂಟು ನಾಕು ಎರಡು ಏಳು…
ಮುಗಿಯೂದಿಲ್ಲ, ತಿರುಗಿ ಅದ ಹಾಡಿಗೂ ಬರೂದಿಲ್ಲ.
ಹಗ್ಗದಂಗಡ್ಯಾಂವ ಮೂರು ಮೀಟರ್ ಕೊಯ್ದು ಕೊಟ್ಟಿದ್ದ.
ಉಳದದ್ದು ಗಂಟಿಗೆ ಬಂತು.

‘ಎಕ್ಸ್ ಅಂದ್ರ ಯಾರವ್ವಾ?’ ನಾ ಕೇಳಿದೆ ಈ ಸಲ.
ಹಳೇ ಕೈತಕ್ಕಡಿ ಇಳಿಸಿದೆ.
ಈ ಕಡೆ ಮೂರು ಸರೀ ಹುಣಸಿ ಗಂಟು, ಎರಡನೂರರ ಒಂದು ಕಲ್ಲು;
ಆ ಕಡೆ ಕಿಲೋ, ಅರ್ಧ, ಎರಡನೂರು.
ಮುಳ್ಳು ನೆಟ್ಟಗ ನಿಂತಿತು.
‘ಎರಡನೂರು ಆಚೆ ದಾಟಿದ್ರ ಪ್ಲಸ್ ಹೋಗಿ ಮೈನಸ್ ಆಗತೈತಿ.’

ಅದು ನನಗ ಗೊತ್ತು ಮಗಳ.
ಅಳ್ನಾವರ ದಾಟಿ, ಕ್ಯಾಸಲ್ ರಾಕ್ ದಾಟಿ,
ಸುರಂಗದ ಕತ್ತಲಿ ಎಣಿಸಿಗೋತ ಇಳದು ಬಂದಾಗ
ಕುಕನೂರಾಗ ಫಕೀರವ್ವ ಇದ್ದಾಕಿ
ಇಲ್ಲಿ ಘಾಟಿ ಆದೆ.

‘ಇಲ್ಲವ್ವಾ,’ ಪೆನ್ಸಿಲ್ ಕಡಿದಳು,
‘ಟೀಚರ್ ಹೇಳ್ಯಾಳ, ಖರೇ ಅಂದ್ರ ಯಾವುದೂ ದಾಟೂದಿಲ್ಲ.
ಎರಡೂ ಕಡೆಯಿಂದ ಅಷ್ಟಷ್ಟ ತಗೀತಾರ.’
ಈ ಕಲ್ಲು ತಗದಳು. ಆ ಕಲ್ಲೂ ತಗದಳು.
ಮುಳ್ಳು ಒಂದೀಟು ನಡುಗಿ ಮತ್ತ ನೆಟ್ಟಗಾತು.
ದೀಡ ಕಿಲೋ, ಮೂರು ಗಂಟು. ಒಂದೊಂದು ಅರ್ಧ.
ಆಕಿ ಮುಂದಿನ ಲೆಕ್ಕಕ್ಕ ಹೋದಳು.
ನಾ ಆ ಎರಡು ಕಲ್ಲು ಕೈಯಾಗ ಹಿಡಕೊಂಡು ಕುಂತೆ.
ಅಲ್ಲಿಂದೂ ಅಷ್ಟ ತಗದಿದ್ರೇನು, ನಾ ಬಂದ ದಿನ?

ಎಂಟೂವರಿಗೆ ಒಬ್ಬಾಂವ ಬಂದು ಪಾವು ಕಿಲೋ ಬೆಂಡೀಕಾಯಿ ಕೇಳಿದ.
ಕಸ್ತೂರಿ ಎದ್ದು, ಹಣಿಮ್ಯಾಲಿನ ಕೆಂಪು ಟಿಕಳಿ ಕಿತ್ತು
ತಕ್ಕಡಿ ಗಾಜಿಗೆ, ಸತ್ತ ಚುಕ್ಕಿ ಇದ್ದಲ್ಲೇ, ಅಂಟಿಸಿದಳು.
ತೂಕದ ಸಾಹೇಬ ಕಂಡ್ರ ಬೈತಾನ.
ಬೈಲಿ.