ಕಾರಣ, ಒಂದು ಸಾಲಿನಲ್ಲಿ

ಒಂಬತ್ತನೇ ಕ್ಲಾಸಿನ ನಾಲ್ಕನೇ ದಿನ
ಶಿಡ್ಲಘಟ್ಟದ ಸರ್ಕಾರಿ ಹೈಸ್ಕೂಲಿನಲ್ಲಿ
ರಾಮಚಂದ್ರಾರೆಡ್ಡಿ ಸಾರ್ ಫಾರಂ ಹಂಚಿದರು.
ಜೆರಾಕ್ಸಿನ ಜೆರಾಕ್ಸು, ಅರ್ಧ ಅಕ್ಷರ ಮಸುಕು.
ಮೂರನೇ ಭಾಷೆ ಹಿಂದಿ, ಇಲ್ಲವೇ ಅದರ ಬದಲು
ಆಟೋಮೊಬೈಲ್, ಇಲ್ಲವೇ ಬ್ಯೂಟಿ ಅಂಡ್ ವೆಲ್‌ನೆಸ್.
ಒಂದಕ್ಕೆ ಮಾತ್ರ ಸರಿ ಗುರುತು.
ಅದರ ಕೆಳಗೆ: ಕಾರಣ, ಒಂದು ಸಾಲಿನಲ್ಲಿ.
ಅದರ ಕೆಳಗೆ: ಪೋಷಕರ ಸಹಿ ಅಥವಾ ಹೆಬ್ಬೆಟ್ಟು.

"ಹುಡುಗೀರು ಬ್ಯೂಟಿ, ಹುಡುಗರು ಗಾಡಿ,
ಗೊಂದಲ ಬೇಡ" ಅಂದರು ಸಾರ್,
ಬಸ್ಸಿನಲ್ಲಿ ಸೀಟು ತೋರಿಸುವವರ ಹಾಗೆ.

ನಾಜ್ನೀನ್ ಆಗಲೇ ಗುರುತು ಹಾಕಿದ್ದಳು.
ಅವಳ ಅಕ್ಕ ಮದುವೆಮನೆಗಳಿಗೆ ಮೆಹಂದಿ ಹಾಕಲು ಹೋಗುತ್ತಾಳೆ,
ಅತ್ತ ವಿಜಯಪುರದ ತನಕ.
ಒಂದು ಕೈಗೆ ಎಷ್ಟು, ಎರಡಕ್ಕೆ ಎಷ್ಟು, ಮೊಣಕೈವರೆಗಾದರೆ ಎಷ್ಟು,
ನಾಜ್ನೀನಳಿಗೆ ಬಾಯಿಪಾಠ.
ಅವಳ ಕಾರಣ ಒಂದೇ ಸಾಲಿಗೆ ಬಂತು,
ಕೊನೆಗೆ ಚುಕ್ಕಿಯನ್ನೂ ಇಟ್ಟಳು.

ನನ್ನದು ಬರಲಿಲ್ಲ.

ಅಮ್ಮ ಹೋಗುವ ಫಿಲೇಚರಿನಲ್ಲಿ
ತಿಂಗಳಿಗೊಮ್ಮೆ ಮೋಟರು ಮುನಿಸಿಕೊಳ್ಳುತ್ತದೆ.
ರಾಟೆಗಳೆಲ್ಲ ನಿಂತು, ಬಿಸಿನೀರಲ್ಲಿ ಗೂಡು ಸುಮ್ಮನೆ ತೇಲಿ,
ಹೆಂಗಸರು ಸೊಂಟ ಹಿಡಿದು ನೆಟ್ಟಗಾಗುತ್ತಾರೆ.
ಚಿಂತಾಮಣಿ ರಸ್ತೆಯಿಂದ ಅಮಾನ್ ಸಾಬ್ ಬರಬೇಕು.
"ಪಾಪಾ, ಬ್ಯಾಟರಿ ಹಿಡಿ" ಅಂತಾನೆ.
ಮೂರು ಸಲ ಹಿಡಿದಿದ್ದೇನೆ.
ಮೊದಲ ಸಲ ಕಂಡದ್ದು ಬರೀ ಗ್ರೀಸು.
ಎರಡನೇ ಸಲ, ಯಾವುದು ತಿರುಗಿದರೆ ಯಾವುದು ತಿರುಗುತ್ತೆ ಅನ್ನೋದು.
ಮೂರನೇ ಸಲ ಅವನು ಕೈ ಹಾಕುವ ಮೊದಲೇ
ಸವೆದ ಬೆಲ್ಟಿನ ಮೇಲೆ ಬೆಳಕು ಬಿಟ್ಟೆ.
ಅವನು ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ.
ಇನ್ನೂರರ ನೋಟು ಮಡಚಿ ಜೇಬಿಗಿಟ್ಟುಕೊಂಡು ಹೋದ.

ಇದನ್ನ ಒಂದು ಸಾಲಿನಲ್ಲಿ ಹ್ಯಾಗೆ ಬರೆಯೋದು?

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ಪುಸ್ತಕದಲ್ಲಿ ಕನ್ನಡ;
ಇನ್ನೊಂದು ಬಿಟ್ಟರೆ ಏನು ನಷ್ಟ ಅಂದುಕೊಂಡಿದ್ದೆ.
ಕಾರಿಡಾರಿನಲ್ಲಿ ಇಂದ್ರಾಣಿ ಮಿಸ್ ನಿಂತಿದ್ದರು,
ನಮ್ಮನ್ನು ನೋಡದ ಹಾಗೆ ನಮ್ಮನ್ನೇ ಎಣಿಸುತ್ತ.
ಹಿಂದಿಗೆ ತಲೆ ಕಡಿಮೆಯಾದರೆ
ಅವರನ್ನ ಹೆಚ್ಚುವರಿ ಅಂತ ಬರೀತಾರಂತೆ,
ಬಾಗೇಪಲ್ಲಿ ಕಡೆ ಹಾಕ್ತಾರಂತೆ.
ಹೋದ ವರ್ಷ 'ನೇ' ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ ಅಂತ
ಊಟದ ಬೆಲ್ಲಾದ ಮೇಲೂ ಕೂತು
ನನಗೊಬ್ಬಳಿಗೇ ಹೇಳಿಕೊಟ್ಟವರು.
ಈಗಲೂ ನನಗದು ಪೂರ್ತಿ ಬರಲ್ಲ.
"ಏನು ಹಾಕಿದೆ?" ಅಂದರು.
"ಇನ್ನೂ ಇಲ್ಲ ಮಿಸ್" ಅಂದೆ.
ಪೆನ್ಸಿಲಲ್ಲಿ ಹಾಕಿದ್ದೆ.

ರಾತ್ರಿ ಅಮ್ಮನ ಪಕ್ಕ ಫಾರಂ ಹರಡಿದೆ.
"ಗಾಡಿ ರಿಪೇರಿನಾ? ನಮ್ಮ ಮೋಟರೂ ಬರುತ್ತಾ ಅದರಲ್ಲಿ?"
"ಗೊತ್ತಿಲ್ಲ. ಬೆಲ್ಟು ಬರುತ್ತೆ."
ಅಮ್ಮ ಕೋಲು ತಿರುವಿ, ನೀರು ಮುಟ್ಟಿಕೊಂಡು, ಮುದ್ದೆ ಕಟ್ಟಿದಳು.
"ಬರೋದನ್ನ ಕಲಿ" ಅಂದಳೋ
"ಬಲ್ಲೋರನ್ನ ಕೇಳು" ಅಂದಳೋ,
ಒಲೆ ಮುಂದೆ ಸರಿಯಾಗಿ ಕೇಳಿಸಲಿಲ್ಲ.
ಇನ್ನೊಂದು ಸಲ ಹೇಳು ಅನ್ನಲಿಲ್ಲ ನಾನು.

ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿದೆ.
ಹದಿನೇಳು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳು.
ರೇಷನ್ ಅಂಗಡಿಯ ಮಿಷನ್ನು ಅಮ್ಮನನ್ನು ಗುರುತೇ ಹಿಡಿಯಲ್ಲ,
ಒರೆಸಿ ಒತ್ತಿ, ಒರೆಸಿ ಒತ್ತಿ, ಕೊನೆಗೆ ನನ್ನನ್ನು ಕರೆಯುತ್ತಾರೆ.
ಫಾರಮ್ಮಿನ ಮೇಲೂ ಗೆರೆ ಮೂಡಲಿಲ್ಲ.
ದುಂಡಗೆ ಒಂದು ನೀಲಿ, ಅಷ್ಟೆ.

ಬೆಳಿಗ್ಗೆ ಸಾರ್ ಅದನ್ನು ಕಿಟಕಿಗೆ ಹಿಡಿದು ನೋಡಿದರು.
"ಇದು ಹೆಬ್ಬೆಟ್ಟೇನಮ್ಮಾ? ಗೆರೆಯೇ ಇಲ್ಲವಲ್ಲ.
ಕಾರಣವೂ ಖಾಲಿ ಬಿಟ್ಟಿದ್ದೀಯ."
ಅವರ ಪೆನ್ನನ್ನೇ ಕೇಳಿ, ನಿಂತಲ್ಲೇ,
ಮೇಜಿನ ಮೂಲೆಗೆ ಫಾರಂ ಒತ್ತಿ ಬರೆದೆ:
ಬ್ಯಾಟರಿ ಹಿಡಿದು ಸಾಕಾಗಿದೆ.

ಸಾರ್ ಎರಡು ಸಲ ಓದಿಕೊಂಡು
"ಯಾವ ಗಾಡೀದು?" ಅಂದರು.