ಪಡೆದವನ ಸಹಿ

ವಿರಾಜಪೇಟೆಯ ಅಂಚೆಮನೆಯಲ್ಲಿ ಆಗ
ನಾನು ಎರಡನೇ ಗುಮಾಸ್ತ. ಊರು ಪುತ್ತೂರಿನ ಕಡೆ.
ಒಂದು ತಪ್ಪು ಮೊದಲೇ ಒಪ್ಪಿಕೊಳ್ಳುತ್ತೇನೆ:
ಚಂದಾದಾರರ ಪತ್ರಿಕೆಗಳನ್ನು
ಸುತ್ತಿದ ಕಾಗದ ಹರಿಯದಂತೆ ಮೆಲ್ಲನೆ ಜಾರಿಸಿ
ರಾತ್ರಿ ಚಿಮಿಣಿ ಬೆಳಕಲ್ಲಿ ಓದಿ
ಬೆಳಗಾಗುವ ಮೊದಲು ಮತ್ತೆ ತೊಡಿಸಿಡುತ್ತಿದ್ದೆ.

ಹಾಗೆ ಸಿಕ್ಕವನು ಬಿ. ಚಂಗಪ್ಪ.
ಕಥೆ ಬರೀ ನಾಲ್ಕು ಪುಟ.
ಕೂಸು ಹೋದ ಮೂರನೆಯ ದಿನ
ತಾಯೊಬ್ಬಳು ಕಣದಲ್ಲಿ ಕಾಫಿ ಹರವುತ್ತಾಳೆ;
ಎಲ್ಲೋ ಯಾರದೋ ಮಗು ಅತ್ತದ್ದು ಕೇಳಿ
ಅವಳ ಕುಪ್ಪಸ ತಾನಾಗಿ ಒದ್ದೆಯಾಗುತ್ತದೆ.
ಅಷ್ಟೇ. ಗೋಳಿಲ್ಲ, ದೇವರಿಲ್ಲ,
ಕೊನೆಗೊಂದು ನೀತಿಯೂ ಇಲ್ಲ.
ಸಂಪಾದಕರು ಅಡಿಯಲ್ಲಿ ಷರಾ ಹಾಕಿದ್ದರು:
‘ಗಂಡುದನಿಯ ಬಿಗಿಯಾದ ಬರಹ.
ನಮ್ಮ ಸೋದರಿಯರು ಓದಿ ಕಲಿಯಲಿ.’

ನಾನು ಬತ್ತಿ ಇಳಿಸಿ ಯೋಚಿಸಿದೆ,
ಇದನ್ನೆಲ್ಲ ಇವನಿಗೆ ಹೇಳಿದವರು ಯಾರು?
ನಮ್ಮ ಟಪಾಲು ದಾರಿಯ ಚಂಗಪ್ಪಂದಿರೆಲ್ಲ ನನಗೆ ಗೊತ್ತು:
ಪಿಂಚಣಿಯ ಚಂಗಪ್ಪ, ವ್ಯಾಜ್ಯದ ಚಂಗಪ್ಪ,
ಹಂದಿಬೇಟೆಯಲ್ಲಿ ಕಾಲು ಮುರಿದುಕೊಂಡ ಚಂಗಪ್ಪ.
ಒಬ್ಬನಿಗೂ ಮೊಲೆಹಾಲಿನ ಲೆಕ್ಕ
ತಿಳಿದಂತಿರಲಿಲ್ಲ.

ಬುಧವಾರ, ಸಂತೆಯ ಗದ್ದಲ. ಕಿಟಕಿಯಾಚೆ
ನೆರಿಗೆ ಬೆನ್ನಿಗೆ ಸಿಕ್ಕಿಸಿ ಉಟ್ಟ ಸೀರೆ,
ತಲೆಗೆ ಬಿಗಿದ ವಸ್ತ್ರ,
ಬಲಗೈಯ ನಡುಬೆರಳಲ್ಲಿ
ಕಾಫಿಹಣ್ಣಿನದಲ್ಲದ ಒಂದು ಕಲೆ.
‘ಬಿ. ಚಂಗಪ್ಪನ ಮೂರು ರೂಪಾಯಿ ಬಂದಿದೆಯಂತೆ.’
‘ಬಂದಿದೆ. ಅವರೇ ಬರಬೇಕು.’
‘ಬಂದಿದ್ದೇನೆ.’

ಗುಮಾಸ್ತನಿಗೆ ನಗುವ ಹಕ್ಕಿಲ್ಲ. ಕಾನೂನು ಇದೆ:
ಹಣ ಯಾರ ಹೆಸರಿಗೋ ಅವರ ಕೈಗೆ,
ಅನುಮಾನವಿದ್ದರೆ ಗುರುತು ಬಲ್ಲವರ ಸಾಕ್ಷಿ.
‘ನಿಮ್ಮ ಹೆಸರು?’
‘ಚೋಂದವ್ವ.’
‘ಮತ್ತೆ ಈ ಚಂಗಪ್ಪ?’

ತಕ್ಕಡಿಯ ಪಕ್ಕದ ತೂಕದ ಬೊಟ್ಟುಗಳನ್ನು
ಸ್ವಲ್ಪ ಹೊತ್ತು ನೋಡಿದಳು.
‘ಮನೆಯಲ್ಲಿ ಆಡುವುದು ಕೊಡವ ತಕ್ಕ್. ಬರೆಯುವುದು ಕನ್ನಡ.
ಒಂದು ಹೊಸಿಲು ದಾಟಿಯಾಗಿತ್ತು.
ಇನ್ನೊಂದಕ್ಕೆ ಟೋಪಿ ಬೇಕಿತ್ತು, ಹಾಕಿಕೊಂಡೆ.’

ಸಾಕ್ಷಿಗೆ ಗಂಡನ ಹೆಸರೆತ್ತಲಿಲ್ಲ.
ಹೊರಗೆ ಹೋಗಿ, ಒಣಮೀನಿನ ಸಾಲಿನಿಂದ
ಕರೆತಂದದ್ದು ಸೂಲಗಿತ್ತಿ ಸೆರಾಫಿನಾ ಬಾಯಿಯನ್ನು.
ಚರ್ಚಿನ ಹಿಂದಿನ ಓಣಿಯವಳು;
ಊರಿನ ಅರ್ಧ ಹೊಕ್ಕುಳು ಕತ್ತರಿಸಿದ ಕೈಯಲ್ಲಿ
ಈಗೊಂದು ಬಂಗುಡೆಯ ಪೊಟ್ಟಣ.
‘ಕಥೆ ಬರೆದದ್ದು ಇವರೇ ಅಂತ ನಿನಗೆ ಹೇಗೆ ಗೊತ್ತು?
ನಿನಗೆ ಓದು ಬಾರದು.’
‘ಬಾರದು ಸ್ವಾಮಿ. ಆ ರಾತ್ರಿ ನಾನಿದ್ದೆ.’

ಕಥೆಯಲ್ಲಿ ಇದ್ದಾಳೆ ಅಂಥವಳೊಬ್ಬಳು,
ಲಾಂದ್ರ ಹಿಡಿದು ನಿಂತವಳು, ಮಾತಾಡದವಳು.
ಚಂಗಪ್ಪ ಅವಳಿಗೆ ಹೆಸರಿಟ್ಟಿರಲಿಲ್ಲ.
ನಾನು ರಿಜಿಸ್ಟರಿನಲ್ಲಿ ಪೂರ್ತಿ ಬರೆದೆ.
ಮೀನುವಾಸನೆಯ ಹೆಬ್ಬೆಟ್ಟು
ಅದರ ಪಕ್ಕ ಕೂತಿತು.

ಚೋಂದವ್ವ ನನ್ನ ಪೆನ್ನು ಮುಟ್ಟಲಿಲ್ಲ, ತನ್ನದು ತಂದಿದ್ದಳು.
ಫಾರಮ್ಮಿನಲ್ಲಿ ಅಚ್ಚಾದ ಸಾಲು: ಪಡೆದವನ ಸಹಿ.
ಸಹಿಗೆ ಮೊದಲು, ತರಕಾರಿಯ ಹುಳ ತೆಗೆಯುವಷ್ಟು ಸಲೀಸಾಗಿ,
ಸರ್ಕಾರದ ಒಂದು ‘ನ’ ಹೊಡೆದುಹಾಕಿ
ಮೇಲೆ ‘ಳ’ ಬರೆದಳು.
ಪಡೆದವಳ.
ಹಳೆಯ ಮಾತಿನಲ್ಲಿ ಹೆತ್ತವಳಿಗೂ ಅದೇ ಪದವೆಂದು
ಪುತ್ತೂರಿನ ಪಂಡಿತರು ಬೆತ್ತ ಹಿಡಿದು ಕಲಿಸಿದ್ದರು;
ಹನ್ನೆರಡು ವರ್ಷದ ಮೇಲೆ ಅಂದು ಅರ್ಥವಾಯಿತು.
ಕೆಳಗಿನ ಸಹಿ ಮಾತ್ರ
ದುಂಡಗೆ, ನಿರಾಳವಾಗಿ: ಬಿ. ಚಂಗಪ್ಪ.

ಮಡಿಕೇರಿಯಿಂದ ಲೆಕ್ಕ ತಪಾಸಣೆಗೆ ಬಂದವರು
ಕೆಂಪು ಪೆನ್ಸಿಲ್ಲಿನಲ್ಲಿ ಕೇಳಿದರು,
ಈ ತಿದ್ದುಪಡಿಗೆ ಅಪ್ಪಣೆ ಯಾರದು?
‘ಅಚ್ಚಿನ ದೋಷ’ ಎಂದು ಬರೆದುಕೊಟ್ಟೆ.
ಆ ವರ್ಷ ನನಗೆ ಬಡ್ತಿ ಬರಲಿಲ್ಲ. ಇರಲಿ.

ನನಗೆ ನೆನಪಿರುವುದು ಬೇರೆ.
ಹಣ ಎಣಿಸಿಕೊಂಡು, ಒಂದು ರೂಪಾಯಿಯನ್ನು
ಸೆರಾಫಿನಾಳ ಪೊಟ್ಟಣದೊಳಗೆ ತುರುಕಿ,
ಮೆಟ್ಟಿಲಿಳಿದವಳು ತಿರುಗಿ ಬಂದಳು.
ದನಿ ತಗ್ಗಿಸಿ ಹೇಳಿದಳು:
‘ನಮ್ಮ ಮನೆಗೆ ಬರುವ ಪತ್ರಿಕೆಯಲ್ಲಿ
ತಿಂಗಳು ತಿಂಗಳೂ ಒಂದು ಎಣ್ಣೆಯ ಬೊಟ್ಟು.
ಓದುವಾಗ ದೀಪ
ಸ್ವಲ್ಪ ದೂರ ಇಟ್ಟುಕೊಳ್ಳಿ.’