ಕಪ್ಪು ಕಾಳು

ಹಾಸನದ ಕ್ಯೂರಿಂಗಿನಲ್ಲಿ ಹತ್ತೊಂಬತ್ತು ವರ್ಷ
ಕಾಫಿಬೀಜ ಆರಿಸಿದ್ದೇನೆ.
ಕಪ್ಪು, ಹುಳುಕು, ಒಡಕು ಎಡಕ್ಕೆ;
ಉಳಿದದ್ದು ಹಡಗಿಗೆ.
ಕಣ್ಣು ಬೇಡ ಈಗ, ಬೆರಳಿಗೇ ಗೊತ್ತು.

ಮನೆಯಲ್ಲೂ ಬಿಡಲಿಲ್ಲ ಚಾಳಿ.
ಅತ್ತೆಯ ಮೇಲಿನ ಸಿಟ್ಟು ಎಡಕ್ಕೆ,
ತಂಗಿಯ ಬಳೆ ಕಂಡು ಉರಿದದ್ದು ಎಡಕ್ಕೆ.
ಪೆನ್‌ಷನ್ ಮೊಹಲ್ಲಾದ ತಿರುವಿನಲ್ಲಿ ಒಬ್ಬಾತ
ಸೈಕಲ್ಲಿಳಿದು ನಕ್ಕಾಗ
ನನ್ನೊಳಗೆ ತಿರುಗಿ ನಕ್ಕಳಲ್ಲ,
ಅವಳೂ.
ದ್ಯಾವಮ್ಮ ಎ ಗ್ರೇಡು, ಅನ್ನುತ್ತಾರೆ ಮೇಸ್ತ್ರಿ.

ಈಚೆಗೆ ಕನಸಿಗೆ ಒಬ್ಬಳು ಬರುತ್ತಾಳೆ.
ಗೋಣಿ ಹೊದ್ದು, ಹೊಸ್ತಿಲಾಚೆ ಕೂತು,
ನಾನು ಎಸೆದದ್ದನ್ನೆಲ್ಲ ಮೊರದಲ್ಲಿ ಕೇರುತ್ತಾಳೆ.
ಮುಖ ತೋರಿಸು ಅಂದೆ.
ಮೊದಲು ಒಳಗೆ ಕರಿ, ಅಂದಳು,
ನನ್ನದೇ ಕೆಮ್ಮು ಕೆಮ್ಮಿ.

ನಿನ್ನೆ ಒಂದು ಹಿಡಿ ಕಪ್ಪು ಸೆರಗಿಗೆ ಗಂಟು ಹಾಕಿ ತಂದೆ.
ಗೇಟಿನವನು ಬಿಚ್ಚಿಸಿ ನೋಡಿ ನಕ್ಕ:
ಕಸ ಕದಿಯೋರೂ ಉಂಟಾ!
ಡಬ್ಬದ ಒಳ್ಳೆ ಬೀಜದ ಜೊತೆ ಬಾಣಲೆಗೆ ಹಾಕಿದೆ.
ಹುರಿದ ಮೇಲೆ ಎಲ್ಲವೂ ಕಪ್ಪು,
ಬೆರಳಿಗೂ ಗೊತ್ತಾಗಲಿಲ್ಲ.

ಎರಡು ಲೋಟಕ್ಕೆ ಬಗ್ಗಿಸಿದೆ.
ಕಹಿ. ಸ್ವಲ್ಪ ಮಣ್ಣಿನ ವಾಸನೆ.
ಇನ್ನೊಂದು ಲೋಟ ಆರುತ್ತಿದೆ; ಆರಲಿ,
ಅಗುಳಿ ಹಾಕಿಲ್ಲ.